ಎಲ್ಲರದೂ ಆಯ್ತಾ

ತೆಂಗಿನ ತುರಿಗೆ ಬಿಸಿನೀರು ಬೆರೆಸಿ, ಬಿಳಿ ಬಟ್ಟೆಯಲ್ಲಿ ಕಟ್ಟಿ ಹಿಂಡಿದೆ. ಮೊದಲು ಬಂದ ಗಟ್ಟಿ ಹಾಲನ್ನು ಬೇರೆ ಇಟ್ಟೆ. ಎರಡನೆಯ ಸಲ ಹಿಂಡಿದ ತೆಳು ಹಾಲಿನಲ್ಲಿ ಆಲೂಗಡ್ಡೆ ಬೇಯಬೇಕು. ಗಟ್ಟಿ ಹಾಲು ಒಲೆ ಆರಿಸಿದ ಮೇಲೆಯೇ. ಇಲ್ಲದಿದ್ದರೆ ಒಡೆದು ಹೋಗುತ್ತದೆ. ಅಜ್ಜಿ ಇದನ್ನು ಯಾರಿಗೂ ಹೇಳಿಕೊಟ್ಟಿರಲಿಲ್ಲ. ನಾನು ಪಕ್ಕದಲ್ಲಿ ನಿಂತು ನೋಡಿ ಕಲಿತಿದ್ದೆ. ಈಗ ಅಮ್ಮ ಬಾಗಿಲಿಗೆ ಒರಗಿ ನಿಂತಿದ್ದಳು.

ಮೊನ್ನೆಯಿಂದ ಅಜ್ಜಿಯ ಗಂಟಲಲ್ಲಿ ನೀರು ಬಿಟ್ಟರೆ ಏನೂ ಇಳಿದಿರಲಿಲ್ಲ. ಇವತ್ತೂ ತಿನ್ನದಿದ್ದರೆ ನಾಳೆ ಆಸ್ಪತ್ರೆಗೆ ಸೇರಿಸಿ ಮೂಗಿಗೆ ಪೈಪು ಹಾಕಬೇಕಾಗುತ್ತದೆ ಎಂದು ಡಾಕ್ಟರು ಹೇಳಿ ಹೋಗಿದ್ದರು. ಅವರು ಹೋದ ಮೇಲೆ ಅಜ್ಜಿ ನನ್ನ ಮುಂಗೈ ಹಿಡಿದುಕೊಂಡಳು.

"ಪೈಪು ಗೀಪು ಬೇಡ ಕಣೇ, ಮೂಕಿ."

ಮೂಕಿ ಅಂದರೆ ನಾನು. ಮಾತು ಕಮ್ಮಿ ಎಂದು ಅವಳೇ ಇಟ್ಟ ಹೆಸರು.

ಈ ಸಾರಿನಲ್ಲಿ ಖಾರ ತೀರಾ ಕಮ್ಮಿ. ಮನೆಯ ಅತಿ ಚಿಕ್ಕ ಬಾಯಿಗೆ ತಡೆಯುವಷ್ಟೇ ಖಾರ ಹಾಕಬೇಕು ಎನ್ನುವುದು ಅಜ್ಜಿಯ ಕಟ್ಟಳೆ. ನಾನು ಚಿಕ್ಕವಳಿದ್ದಾಗ ಆ ಬಾಯಿ ನನ್ನದಾಗಿತ್ತು. ಅಡುಗೆಮನೆಯ ನೆಲದ ಮೇಲೆ ಎಲ್ಲರೂ ಸಾಲಾಗಿ ಕೂರುತ್ತಿದ್ದೆವು. ಬಸ್ಸು ಓಡಿಸುವ ಚಿಕ್ಕಪ್ಪ ತಟ್ಟೆ ನೋಡಿ ಮುಖ ಕಿವುಚುತ್ತಿದ್ದರು.

"ಇದು ಸಾರೋ, ಮಗೂಗೆ ಕುಡಿಸೋ ಹಾಲೋ?"

"ಕುಡಿಯೋ. ಬುದ್ಧಿನಾದ್ರೂ ಬೆಳೀಲಿ" ಎನ್ನುತ್ತಿದ್ದಳು ಅಜ್ಜಿ. ಅಪ್ಪನಿಗೆ ನಗು ಬಂದು ನೆತ್ತಿಗೆ ಹತ್ತುತ್ತಿತ್ತು. ಚಿಕ್ಕಪ್ಪ ಅವರ ಬೆನ್ನು ಗುದ್ದುತ್ತಿದ್ದರು, ಬೇಕಾದ್ದಕ್ಕಿಂತ ಜೋರಾಗಿ.

ಕೊನೆಯವರು ಕೈ ತೊಳೆದ ಮೇಲೆ ಅಜ್ಜಿ ಕೇಳುತ್ತಿದ್ದಳು, "ಎಲ್ಲರದೂ ಆಯ್ತಾ?" ಆಮೇಲೆ ಪಾತ್ರೆಯ ತಳಕ್ಕೆ ಅನ್ನ ಹಾಕಿ ಕಲಸಿ, ಗೋಡೆಗೆ ಒರಗಿ ತಿನ್ನುತ್ತಿದ್ದಳು.

ಈಗ ಮುಂದಿನ ಕೋಣೆ ಯಾರಿಗೆ ಸೇರಬೇಕು ಎಂಬ ಜಗಳದಲ್ಲಿ ಚಿಕ್ಕಪ್ಪ ಮಹಡಿಯ ಮೇಲೆ ಬೇರೆ ಒಲೆ ಹೂಡಿದ್ದಾರೆ. ಅಪ್ಪ ಆ ಮುಂದಿನ ಕೋಣೆಯಲ್ಲೇ, ಹೊಲಿಗೆ ಯಂತ್ರದ ಮುಂದೆಯೇ ತಟ್ಟೆ ಇಟ್ಟುಕೊಂಡು ಉಣ್ಣುತ್ತಾರೆ. ಅಮ್ಮ ನಿಂತುಕೊಂಡೇ ಮುಗಿಸುತ್ತಾಳೆ. ನಾನು ಅಪ್ಪ ಹೊಲಿದ ಅಂಗಿಗಳಿಗೆ ಗುಂಡಿ ತೂರಿಸುವ ಕಾಜಾ ಹೊಲಿದು ಮುಗಿಸಿದ ಮೇಲೆ ಯಾವಾಗಲೋ.

ಸಾರನ್ನ ಮೆತ್ತಗೆ ಕಿವುಚಿ ಅಜ್ಜಿಯ ಮಂಚದ ಬಳಿ ತಂದೆ. ಅಪ್ಪ ಚಮಚ ಹಿಡಿದು ಕೂತರು.

"ಅಮ್ಮಾ, ನಿನಗೇ ಅಂತ ಮಾಡಿರೋದು. ಮೊದ್ಲು ನೀನು ತಿನ್ನು."

ಅಜ್ಜಿ ವಾಸನೆ ಎಳೆದುಕೊಂಡಳು. ಕಣ್ಣು ಬಾಗಿಲ ಕಡೆ ಹೋಯಿತು. ಬಾಯಿ ತೆರೆಯಲಿಲ್ಲ.

ಅಪ್ಪ ಎದ್ದುಹೋದದ್ದನ್ನು ನೋಡಿಕೊಂಡೇ ಚಿಕ್ಕಪ್ಪ ಇಳಿದು ಬಂದರು, ಹಿಂದೆ ಚಿಕ್ಕಮ್ಮ. ಅವರದೂ ಅದೇ ಮಾತು, "ನೀನು ತಿನ್ನು, ನಮ್ಮದು ಆಮೇಲೆ."

ಅಜ್ಜಿಯ ತುಟಿ ಅಲುಗಿತು. "ಎಲ್ಲರದೂ..."

"ಏನೋ ಕನವರಿಸ್ತಿದಾರೆ" ಎಂದರು ಚಿಕ್ಕಮ್ಮ. ಇಬ್ಬರೂ ಹೊರಗೆ ಹೋದರು.

ಚಮಚ ನನ್ನ ಕೈಯಲ್ಲಿ ಉಳಿಯಿತು. ಹುಟ್ಟಿದಾಗಿನಿಂದ ನಾನು ಅಜ್ಜಿ ಮೊದಲ ತುತ್ತು ತಿಂದದ್ದನ್ನು ನೋಡಿಲ್ಲ. ಮೊನ್ನೆಯಿಂದ ನಾವು ಅವಳ ಬಾಯಿಗೆ ಹಿಡಿಯುತ್ತಿದ್ದದ್ದು ಆ ಮೊದಲ ತುತ್ತನ್ನೇ.

ಅವಳ ಮಂಚದ ಪಕ್ಕ ಚಾಪೆ ಹಾಸಿದೆ. ತಟ್ಟೆಗಳನ್ನು ಸಾಲಾಗಿ ಇಟ್ಟು ಅನ್ನ ಬಡಿಸಿದೆ, ಸಾರು ಬಿಟ್ಟೆ. ಅಮ್ಮ ಬಂದು ಒಂದು ತುದಿಯಲ್ಲಿ ಕೂತಳು. ನಾನು ನಡುಮನೆಗೆ ಹೋಗಿ ನಿಂತೆ.

"ನಮ್ಮೆಲ್ಲರದೂ ಊಟ ಆಗ್ಲಿ ಅಂತ ಅಜ್ಜಿ ಕಾಯ್ತಿದಾಳೆ."

ಮೆಟ್ಟಿಲ ಮೇಲಿದ್ದ ಚಿಕ್ಕಪ್ಪ ತಿರುಗಿದರು. "ಓಹೋ, ಮೂಕಿಗೂ ಬಾಯಿ ಬಂತಾ! ಹೋಗಿ ಮೊದ್ಲು ನಿಮ್ಮಪ್ಪನ್ನ ಕರಿ."

"ಬರೋರು ತಾವಾಗೇ ಬರ್ತಾರೆ" ಎಂದರು ಮುಂದಿನ ಕೋಣೆಯಿಂದ ಅಪ್ಪ.

ತಿರುಗಿ ನೋಡಿದರೆ, ಸಾರಿನ ಮೇಲೆ ಕೆನೆ ಕಟ್ಟತೊಡಗಿತ್ತು. ಮಂಚದ ಮೇಲೆ ಅಜ್ಜಿ ತಟ್ಟೆಗಳನ್ನು ಒಂದೊಂದಾಗಿ ನೋಡುತ್ತಿದ್ದಳು. ಇಬ್ಬರಿಗೂ ಕೇಳುವಷ್ಟು ಜೋರಾಗಿಯೇ ಹೇಳಿದೆ:

"ಅಪ್ಪಾ, ಚಿಕ್ಕಪ್ಪಾ, ಇಲ್ಲಿ ಬಂದು ಕೂತು ಒಂದು ತುತ್ತು ಊಟ ಮಾಡಿ."