ಲೇಪವನ್ನು ನಂಬಿದವರು

ಅನಂತ ಚತುರ್ದಶಿಯ ದಿನ ಅಂಕಲಿಯ ಬಸದಿಯಲ್ಲಿ ಅಭಿಷೇಕ ನಡೆದಿತ್ತು. ಅಭಿನಂದನನನ್ನು ಚಿಕ್ಕೋಡಿಯ ದವಾಖಾನೆಗೆ ಒಯ್ಯುವಾಗ ದಾರಿಯಲ್ಲೇ ಜೀವ ಹೋಯಿತೆಂದು ಸುದ್ದಿ ಬಂತು. ಅವನ ಅಣ್ಣ ಶಾಂತಿನಾಥರು ಕೈಯಲ್ಲಿದ್ದ ಕಲಶವನ್ನು ಪಕ್ಕದವರಿಗೆ ಕೊಟ್ಟು ಹೊರಗೆ ಬಂದರು. ಕಾರಣವನ್ನು ಅವರು ಯಾರನ್ನೂ ಕೇಳಲಿಲ್ಲ.

ಆಷಾಢದಲ್ಲಿ ತಮ್ಮನ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿದ್ದರು. ಡಾಕ್ಟರು ಇಬ್ಬರನ್ನೂ ಕೂರಿಸಿ ತಿಳಿಸಿದ್ದರು: ಅದು ಲೋಹದ ಸಣ್ಣ ಜಾಳಿಗೆ, ಮೇಲೆ ಔಷಧದ ಲೇಪ. ನಾಳ ಮತ್ತೆ ಕಿರಿದಾಗದಂತೆ ಲೇಪ ಕಾಯುತ್ತದೆ. ಆದರೆ ನಾಳದ ಒಳಪೊರೆ ಅದರ ಮೇಲೆ ಬೆಳೆದು ಮುಚ್ಚುವವರೆಗೆ ರಕ್ತ ಹೆಪ್ಪುಗಟ್ಟುವ ಭಯವಿದೆ. ಅದನ್ನು ತಡೆಯುವ ಗುಳಿಗೆ ಒಂದು ದಿನವೂ ತಪ್ಪಬಾರದು. ಶಾಂತಿನಾಥರ ಮನಸ್ಸಿನಲ್ಲಿ ಉಳಿದದ್ದು ಲೇಪದ ಮಾತೊಂದೇ.

ಅನಂತ ಚತುರ್ದಶಿಗೆ ಮುಗಿಯುವ ಹತ್ತು ದಿನಗಳ ದಶಲಕ್ಷಣ ಪರ್ವ ಬಂತು. ಕಡೆಯ ದಿನಗಳಲ್ಲಿ ಅಭಿನಂದನ ಎಂದಿನಂತೆ ನೀರೂ ಮುಟ್ಟದ ಉಪವಾಸ ಹಿಡಿದ.

“ದಾದಾ, ಗುಳಿಗಿ ನುಂಗಾಕ ಒಂದ್ ಗುಟಕ ನೀರ್ ಕುಡೀಲೇನು?”

“ಲೇಪ ಹಚ್ಯಾರಲ್ಲೋ, ಅದ ಕಾಯ್ತೈತಿ. ಗುಟಕ ನೀರಿಗಿ ವ್ರತ ಯಾಕ ಕೆಡಸ್ತಿ?”

“ಹಂಗಾರ ನನ್ನ ಎದಿಗೂ ಕಲಾಯಿ ಆದಂಗಾತು,” ಎಂದು ಅಭಿನಂದನ ನಕ್ಕಿದ್ದ.

ಈ ಮಾತು ಅವನ ಹೆಂಡತಿ ತ್ರಿಶಲಾಳಿಗೆ ಗೊತ್ತಿರಲಿಲ್ಲ. ಅವನು ಹೋದ ಮೇಲೆ, ನುಂಗದೆ ಹಾಗೇ ಉಳಿದ ಗುಳಿಗೆಗಳನ್ನು ಕಂಡು, ಪೂಜೆಯ ಗಡಿಬಿಡಿಯಲ್ಲಿ ತಾನೇ ನೆನಪಿಸಲಿಲ್ಲವೆಂದು ಬಂದವರೆದುರು ಅಳುತ್ತಿದ್ದಳು. ಶಾಂತಿನಾಥರು ಕೇಳಿಸಿಕೊಂಡು ಸುಮ್ಮನಿದ್ದರು.

ಕ್ಷಮಾವಣಿಯ ದಿನ ಬಂದಿತು. ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಎಲ್ಲರೂ ಎಲ್ಲರಲ್ಲಿ ಕ್ಷಮೆ ಕೇಳುವ ದಿನ. ಸಾವಿನ ಮನೆಗೂ ಓಣಿಯವರು ಬಂದು ಕೈಮುಗಿದು ಹೋದರು. ಅವರು ಹೋದ ಮೇಲೆ ತ್ರಿಶಲಾ ಶಾಂತಿನಾಥರ ಮುಂದೆ ಬಂದು ನಿಂತಳು.

“ಭಾವಾ, ನಾ ಅವರ್ನ ನೋಡ್ಕೊಳ್ಳಲಿಲ್ಲ. ಕ್ಷಮಾ ಮಾಡ್ರಿ.”

ಇನ್ನು ಸುಮ್ಮನಿರುವುದು ಅವರಿಂದಾಗಲಿಲ್ಲ.

“ನಿಂದಲ್ಲವ್ವಾ ತಪ್ಪು. ಅಂವ ನನ್ನ ಕೇಳಿದ್ದ. ಗುಳಿಗಿ ಬ್ಯಾಡಂದಾಂವ ನಾನು.”

ಅವಳು ಮುಗಿದ ಕೈ ಇಳಿಸಿದಳು.

“ನಿಮ್ಮ ಮಾತ ಅವರು ಎಂದೂ ಮೀರಿದವರಲ್ಲ,” ಎಂದಳು. “ಇವತ್ತ ನೀವು ಕ್ಷಮಾ ಕೇಳಬ್ಯಾಡ್ರಿ. ನನ್ನ ಕೈಲೆ ಆಗೂದಿಲ್ಲ.”

ಅವಳು ಒಳಗೆ ಹೋದಳು. ಶಾಂತಿನಾಥರು ಪಡಸಾಲೆಯಲ್ಲೇ ಕುಳಿತು ಕಣ್ಣು ಮುಚ್ಚಿದರು. ತಮಗಾಗಿ ಏನನ್ನೂ ಬೇಡಲಿಲ್ಲ.

ಜಿನೇಶ್ವರಾ, ನನ್ನ ತಮ್ಮ ನನ್ನನ್ನು ನಂಬಿ ಬಾಯಾರಿ ಹೋದ. ಆ ಕರ್ಮ ನನಗೇ ಅಂಟಲಿ. ಅವನ ಜೀವ ಎಲ್ಲಿದ್ದರೂ ತಂಪಾಗಿರಲಿ, ಶಾಂತವಾಗಿರಲಿ.