ಪೂರ್ತಿ ವಿಳಾಸ

ಸೈಕಲ್ಲಿಗೆ ಕಟ್ಟಿದ ಚೀಟಿ ಬರೆದವಳು ನಾನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ಹೇಳಿದರೆ ಮುಚ್ಚಿಟ್ಟ ಹಾಗಾಗುತ್ತದೆ.

ಆಸ್ಪತ್ರೆಯ ಪ್ರಯೋಗಾಲಯದಲ್ಲಿ ನನ್ನ ಕೆಲಸವೇ ಚೀಟಿ ಬರೆಯುವುದು. ರಕ್ತದ ಸೀಸೆಗಳು, ಹೊರಗಡೆ ಪರೀಕ್ಷೆಗೆ ಕಳಿಸುವ ಡಬ್ಬಿಗಳು ನನ್ನ ಮೇಜು ದಾಟಿಯೇ ಹೋಗಬೇಕು. ಹೆಸರು, ವಯಸ್ಸು, ವಾರ್ಡು, ಕೊನೆಗೆ ಎಲ್ಲಿ ತಲುಪಬೇಕೋ ಅಲ್ಲಿನ ಪೂರ್ತಿ ವಿಳಾಸ. ನಡುವೆ ಯಾವ ಊರು, ಯಾರ ಕೈ ಎನ್ನುವುದನ್ನು ಬರೆಯುವ ಹಾಗಿಲ್ಲ. “ದಾರಿ ಅವರ ತಲೆನೋವು, ಸೇರೋ ಜಾಗ ನಮ್ಮ ತಲೆನೋವು,” ಎಂದು ನನಗೆ ಕೆಲಸ ಕಲಿಸಿದ ಹಿರಿಯಾಕೆ ಮೊದಲ ದಿನವೇ ಹೇಳಿದ್ದರು. ಹತ್ತೊಂಬತ್ತು ವರ್ಷ ಹಾಗೇ ಬರೆದಿದ್ದೇನೆ. ಹಗಲು ದುಡಿದು ಸಂಜೆ ಕಾಲೇಜಿನಲ್ಲಿ ಓದಿದವಳು. ಒಂದು ತಪ್ಪಾದರೂ “ಅಷ್ಟೇ ಇವಳ ಓದು” ಎಂದಾರೆಂಬ ಹೆದರಿಕೆ ಇನ್ನೂ ಹೋಗಿಲ್ಲ. ಒಂದೊಂದು ಚೀಟಿಯನ್ನೂ ಎರಡು ಸಲ ಓದುತ್ತೇನೆ. ಮನೆಗೆ ಬಂದ ಮೇಲೆ ನೆನಪಿನಲ್ಲಿ ಮೂರನೆಯ ಸಲ.

ನನ್ನ ಅಣ್ಣ ಸೈಕಲ್ಲಿನ ಫ್ರೇಮು ಕಟ್ಟುವವನು. ಉಕ್ಕಿನ ಪೈಪುಗಳನ್ನು ಕಾಯಿಸಿ, ಹಿತ್ತಾಳೆ ಕರಗಿಸಿ ಬೆಸೆಯುವ ಕೆಲಸ. ಅವನಿದ್ದ ಕಾರ್ಖಾನೆಗೆ ಬೀಗ ಬಿದ್ದು ಎಂಟು ತಿಂಗಳಾಗಿತ್ತು. ಐವತ್ತನಾಲ್ಕರ ವಯಸ್ಸಿನವನನ್ನು ಯಾರೂ ಕರೆಯುತ್ತಿರಲಿಲ್ಲ. ಅಂಥದ್ದರಲ್ಲಿ ದೂರದ ಒಂದು ವರ್ಕ್‌ಷಾಪಿನಿಂದ ಕರೆ ಬಂತು. ಬೆಸೆಯುವ ಕೆಲಸವಲ್ಲ, ಬೇರೆಯವರು ಬೆಸೆದದ್ದನ್ನು ನೋಡಿ, ಸರಿ ಇದೆ, ಇಲ್ಲ ಎಂದು ಹೇಳುವ, ಹೊಸಬರಿಗೆ ಕಲಿಸುವ ಕೆಲಸ. ಅಲ್ಲಿನ ದೊಡ್ಡ ಮೇಸ್ತ್ರಿ ಫೋನಿನಲ್ಲಿ ಕಡ್ಡಿ ಮುರಿದ ಹಾಗೆ ಹೇಳಿದ್ದರು: “ಸರ್ಟಿಫಿಕೇಟು ಬೇಡ. ನೀವೇ ಕೈಯಾರೆ ಮಾಡಿದ ಒಂದು ಸೈಕಲ್ ತನ್ನಿ. ಶುಕ್ರವಾರ ಹನ್ನೆರಡಕ್ಕೆ. ಇನ್ನೊಬ್ಬರೂ ಬರ್ತಾರೆ. ನೋಡಿ ಅವತ್ತೇ ತೀರ್ಮಾನ ಮಾಡ್ತೀನಿ.”

ಅಂಥ ಸೈಕಲ್ ಅಣ್ಣನ ಹತ್ತಿರ ಇತ್ತು. ಆರು ವರ್ಷದ ಹಿಂದೆ ತನಗಾಗಿ ಕಟ್ಟಿಕೊಂಡದ್ದು, ಹಸಿರು ಬಣ್ಣದ್ದು. ಅದರ ಜಾಯಿಂಟುಗಳ ಮೇಲೆ ಬೆರಳಾಡಿಸಿದರೆ ಎಲ್ಲಿ ಪೈಪು ಮುಗಿಯಿತು, ಎಲ್ಲಿ ಬೆಸುಗೆ ಶುರುವಾಯಿತು ಎಂದು ಗೊತ್ತೇ ಆಗುವುದಿಲ್ಲ.

ಹೊರಡುವ ಹಿಂದಿನ ದಿನ ಅತ್ತಿಗೆ ನನ್ನನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದರು.

“ನಿಮ್ಮಣ್ಣಂಗೆ ಹೇಳಬೇಡ. ಅವರ ಕೈ ಈಗ ಮುಂಚಿನ ಹಾಗಿಲ್ಲ ಕಣೇ. ನಡುಗುತ್ತೆ. ಲೋಟ ಎರಡು ಕೈಯಲ್ಲಿ ಹಿಡೀತಾರೆ. ಯಾರಿಗಾದ್ರೂ ಹೇಳಿದ್ರೆ ನೋಡು ಅಂತ ಆಣೆ ಹಾಕಿಸಿದಾರೆ.”

“ಡಾಕ್ಟರ್ ಹತ್ರ?”

“ಹೋದ್ರೆ ತಾನೇ! ನೀನು ಜೊತೆಗೆ ಹೋಗು. ಸೈಕಲ್ ಅಲ್ಲಿಗೆ ಜೋಪಾನವಾಗಿ ತಲುಪಿದ್ರೆ ಸಾಕು. ಅವರು ಮಾತಾಡೋದೂ ಬೇಡ, ಅದೇ ಮಾತಾಡುತ್ತೆ.”

ಜೋಪಾನವಾಗಿ ತಲುಪಿಸುವುದು. ನನಗೆ ಗೊತ್ತಿರುವ ಒಂದೇ ವಿದ್ಯೆ. ರೈಲು ನೇರವಾಗಿ ಆ ಊರಿಗೆ ಹೋಗುತ್ತದೆ, ಆದರೆ ಸುತ್ತಿ ಬಳಸಿ ಸಂಜೆ ಏಳಕ್ಕೆ. ಒಂಬತ್ತೂವರೆಗೆ ನಡುವಿನ ಜಂಕ್ಷನ್ನಿನಲ್ಲಿ ಇಳಿದು ಬಸ್ಸು ಹಿಡಿದರೆ ಹನ್ನೊಂದೂವರೆಗೆ ಅಲ್ಲಿರಬಹುದು. ಬಸ್ ಕಚೇರಿಗೆ ಮೂರು ಸಲ ಫೋನ್ ಮಾಡಿದೆ. ಮುಂದಿನ ಚಕ್ರ ಬಿಚ್ಚಿದರೆ ಸೈಕಲ್ಲನ್ನು ಕೆಳಗಿನ ಡಿಕ್ಕಿಯಲ್ಲಿ ಇಡಬಹುದು ಎಂದರು. ಹಾಗೆಂದವರ ಹೆಸರನ್ನೂ ಬರೆದುಕೊಂಡೆ. ರೈಲಿನವರು ಸೈಕಲ್ಲನ್ನು ಲಗೇಜ್ ಡಬ್ಬಿಗೆ ಕೊಡಬೇಕು, ಬಿಡಿ ಸಾಮಾನು ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ ಎಂದರು. ಚಕ್ರ ಬಿಚ್ಚಿ, ಪೆಡಲ್ ಒಳಕ್ಕೆ ತಿರುಗಿಸಿ, ಹಸಿರು ಪೈಪುಗಳಿಗೆ ಹಳೆಯ ಬೆಡ್‌ಶೀಟು ಸುತ್ತಿದೆವು. ಹಗ್ಗದ ಗಂಟುಗಳನ್ನು ಅಣ್ಣ ನನ್ನ ಕೈಯಲ್ಲೇ ಹಾಕಿಸಿದ. “ನಿಂದೇ ಗಂಟು ಬಿಗಿ,” ಎಂದ. ನಾನು ಏನೂ ಗೊತ್ತಿಲ್ಲದವಳ ಹಾಗೆ ಕಟ್ಟಿದೆ.

ಆಮೇಲೆ ಚೀಟಿ. ಅಣ್ಣನ ಹೆಸರು, ಫೋನ್ ನಂಬರು, ವರ್ಕ್‌ಷಾಪಿನ ಹೆಸರು, ರಸ್ತೆ, ಊರು, ಪಿನ್‌ಕೋಡು. ಎರಡು ಸಲ ಓದಿದೆ. ಒಂದಕ್ಷರವೂ ತಪ್ಪಿರಲಿಲ್ಲ.

ಬೆಳಿಗ್ಗೆ ಸ್ಟೇಷನ್ನಿನ ಪಾರ್ಸೆಲ್ ಗುಮಾಸ್ತ ಆ ಚೀಟಿಯನ್ನು ನೋಡಿಕೊಂಡು ರಿಜಿಸ್ಟರಿನಲ್ಲಿ ಬರೆದುಕೊಂಡ. “ಎಷ್ಟು ಚೆನ್ನಾಗಿ ಬರ್ದಿದೀರಮ್ಮ! ಎಲ್ಲರೂ ಹೀಗೇ ಬರ್ಕೊಂಡು ಬಂದ್ರೆ ನಮ್ಮ ಕಣ್ಣು ಉಳಿಯುತ್ತೆ,” ಎಂದ. ನನಗೆ ಖುಷಿಯಾಯಿತು. ಆ ಖುಷಿ ನೆನಪಾದಾಗಲೆಲ್ಲ ಈಗ ಮೈ ಮುದುಡುತ್ತದೆ.

ಜಂಕ್ಷನ್ನಿನಲ್ಲಿ ರೈಲು ನಿಲ್ಲುವುದು ನಾಲ್ಕು ನಿಮಿಷ. ನಾನು ಚಕ್ರ ಹಿಡಿದುಕೊಂಡು, ಅಣ್ಣ ಬ್ಯಾಗು ಹಿಡಿದುಕೊಂಡು ಹಿಂದಿನ ಲಗೇಜ್ ಡಬ್ಬಿಯ ತನಕ ಓಡಿದೆವು. ಗಾರ್ಡ್ ಬಾಗಿಲಲ್ಲೇ ನಿಂತಿದ್ದರು. ಅವರ ಹಿಂದೆ, ಗೋಡೆಗೆ ಒರಗಿಸಿದ ನಮ್ಮ ಸೈಕಲ್ ಕಾಣುತ್ತಿತ್ತು.

“ಅದೇ ಸರ್, ಬೆಡ್‌ಶೀಟ್ ಸುತ್ತಿರೋದು,” ಎಂದೆ.

ಅವರು ಚೀಟಿ ಹಿಡಿದು ಓದಿದರು. ರಿಜಿಸ್ಟರು ತಿರುವಿದರು. “ಇದು ಇಲ್ಲಿ ಇಳಿಯೋದಲ್ಲ. ಕೊನೇ ಸ್ಟೇಷನ್ನಿಗೆ ಹೋಗೋದು.”

“ನಾವು ಇಲ್ಲೇ ಇಳಿದ್ವಿ ಸರ್. ಇಲ್ಲಿಂದ ಬಸ್ಸು.”

“ನೀವು ಇಳಿದ್ರಿ. ಅದು ಇಳಿಯಲ್ಲ. ಇಲ್ಲಿ ಏನು ಬರ್ದಿದೆಯೋ ಅಲ್ಲೇ ನಾನು ಇಳಿಸಬೇಕು.”

“ಬರ್ದಿರೋಳು ನಾನೇ ಸರ್! ಈಗಲೇ ತಿದ್ದಿಕೊಡ್ತೀನಿ.” ಪೆನ್ನು ತೆಗೆದೆ. ಕೈಯಿಂದ ಮುಚ್ಚಳ ಉರುಳಿ ಹಳಿಗೆ ಬಿತ್ತು.

“ಚೀಟಿ ನೀವು ತಿದ್ದಬಹುದು, ರಿಜಿಸ್ಟರು, ರಸೀದಿ ಯಾರು ತಿದ್ದೋದು? ಹೋದ ತಿಂಗಳು ಹೀಗೇ ಒಬ್ಬ ನಂದೇ ಅಂತ ಇನ್ಯಾರದ್ದೋ ಹೊಲಿಗೆ ಮಿಷನ್ ಇಳಿಸ್ಕೊಂಡು ಹೋದ. ನಾನು ಇವತ್ತಿಗೂ ಉತ್ತರ ಬರೀತಾ ಇದೀನಿ.”

ಅಣ್ಣ ಕೈಮುಗಿದ. “ಸ್ವಾಮಿ, ಹನ್ನೆರಡು ಗಂಟೆಗೆ ಅದನ್ನ ತೋರಿಸ್ಬೇಕು. ಕೆಲಸದ ವಿಷ್ಯ.”

“ನಂದೂ ಕೆಲಸದ ವಿಷ್ಯನೇ ಅಣ್ಣಾ.” ಅವರು ಜೋರು ಮಾಡಲಿಲ್ಲ, ಬೇಸರದಿಂದಲೇ ಹೇಳಿದರು. “ಸಂಜೆ ಏಳಕ್ಕೆ ಆ ಸ್ಟೇಷನ್ನಲ್ಲಿ ತಗೊಳ್ಳಿ. ಒಂದು ಗೀರೂ ಬೀಳಲ್ಲ, ನನ್ನ ಮಾತು.”

ನನಗೆ ಅವರ ಮೇಲೆ ಕೋಪ ಬರಲಿಲ್ಲ. ಬಂದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಚೀಟಿಯಲ್ಲಿ ಒಂದೂರು ಇದ್ದು ಬಾಯಲ್ಲಿ ಇನ್ನೊಂದೂರು ಹೇಳಿದವರನ್ನು ನಾನು ಎಷ್ಟು ಸಲ ವಾಪಸು ಕಳಿಸಿಲ್ಲ! ರೈಲು ಹೊರಟಿತು. ಬಾಗಿಲು ತೆರೆದೇ ಇದ್ದುದರಿಂದ ಬೆಡ್‌ಶೀಟಿನ ನೀಲಿ ಅಂಚು ಪ್ಲಾಟ್‌ಫಾರ್ಮು ಮುಗಿಯುವ ತನಕ ಕಂಡಿತು.

ಅಣ್ಣ ಬೈಯುತ್ತಾನೆಂದು ಕಾದೆ. ಅವನು ಬೆಂಚಿನ ಮೇಲೆ ಕೂತು, ನೀರು ಕುಡಿದು, ಬಾಟಲಿಯ ಮುಚ್ಚಳ ತಿರುಗಿಸಲು ನನಗೆ ಕೊಟ್ಟ.

“ನಿನ್ನ ಅಕ್ಷರ ಚೆನ್ನಾಗಿರೋದೇ ತಪ್ಪಾಯ್ತು ನೋಡು, ಚೀಟಿ ಮೇಡಂ,” ಎಂದ. “ನಾನು ಬರ್ದಿದ್ದಿದ್ರೆ ಅವನಪ್ಪನ ಕೈಲೂ ಓದೋಕಾಗ್ತಿರ್ಲಿಲ್ಲ. ಬೇಸತ್ತು ಇಳಿಸಿ ಕೊಟ್ಟಿರೋನು.”

ನಗಬೇಕು ಎಂದು ಅವನು ಹೇಳಿದ್ದು. ನನಗೆ ಅಳು ಬಂತು.

“ಅಳಬೇಡ್ವೇ. ಜನ ನೋಡ್ತಾರೆ. ಚಕ್ರ ಕದ್ದು ಸಿಕ್ಕಿಹಾಕ್ಕೊಂಡಿದಾಳೆ ಅಂದ್ಕೋತಾರೆ.”

ಮೇಸ್ತ್ರಿಗೆ ಫೋನ್ ಮಾಡಿದೆ. ಯಾರೂ ಎತ್ತಲಿಲ್ಲ. ಸಂದೇಶ ಕಳಿಸಿದೆ, ಕಳಿಸಿದ ಮೇಲೆ ಅದರಲ್ಲಿ ಕ್ಷಮಿಸಿ ಎಂದು ಮೂರು ಸಲ ಬರೆದಿದ್ದೇನೆಂದು ಗೊತ್ತಾಯಿತು. ಬಸ್ಸಿನ ಹತ್ತಿರ ಹೋದಾಗ ಕಂಡಕ್ಟರು ನನ್ನ ಕೈಯಲ್ಲಿದ್ದ ಚಕ್ರವನ್ನೂ ನನ್ನ ಮುಖವನ್ನೂ ನೋಡಿದ.

“ಸೈಕಲ್ ಇಡಬೇಕು ಅಂತ ಫೋನ್ ಮಾಡಿದ್ದು ನೀವೇ ಅಲ್ವಾ? ಡಿಕ್ಕಿ ಪೂರ್ತಿ ಖಾಲಿ ಮಾಡಿಸಿಟ್ಟಿದೀನಿ. ಎಲ್ಲಿ ಮಿಕ್ಕಿದ್ದು?”

“ಹಿಂದೆ ಬರ್ತಾ ಇದೆ,” ಎಂದ ಅಣ್ಣ. “ಅದಕ್ಕೆ ಸ್ವಲ್ಪ ನಿಧಾನ.”

ಎರಡು ಗಂಟೆ ಬಸ್ಸಿನಲ್ಲಿ ಚಕ್ರ ನನ್ನ ಮಡಿಲಲ್ಲಿತ್ತು. ಬಸ್ಸು ಕುಲುಕಿದಾಗಲೆಲ್ಲ ತಾನೇ ತಿರುಗುತ್ತಿತ್ತು. ಅಣ್ಣ ಕಿಟಕಿಯ ಕಡೆ ಮುಖ ಮಾಡಿ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಕೂತಿದ್ದ. ಚಳಿಯಿರಲಿಲ್ಲ.

ವರ್ಕ್‌ಷಾಪು ಚಿಕ್ಕದು, ಚೊಕ್ಕಟವಾದದ್ದು. ಗೋಡೆಯುದ್ದಕ್ಕೂ ಬಣ್ಣ ಕಾಣದ ಫ್ರೇಮುಗಳು ತೂಗುತ್ತಿದ್ದವು. ಇನ್ನೊಬ್ಬ ಉಮೇದುವಾರ, ನಲವತ್ತರ ಆಸುಪಾಸಿನವನು, ತನ್ನ ಕೆಂಪು ಸೈಕಲ್ಲನ್ನು ಸ್ಟ್ಯಾಂಡಿಗೆ ಹಾಕಿ ಪಕ್ಕದಲ್ಲಿ ಕೂತಿದ್ದ. ಅಣ್ಣ ಅದರ ಕಡೆ ಒಂದೇ ಸಲ ನೋಡಿದ. ನನ್ನ ಕಿವಿಯಲ್ಲಿ, “ಸೀಟಿನ ಕೆಳಗಿನ ಜಾಯಿಂಟಿನ ಒಳಗಡೆ ಹಿತ್ತಾಳೆ ಪೂರ್ತಿ ತುಂಬಿಲ್ಲ. ಎರಡು ವರ್ಷಕ್ಕೆ ಬಿಡುತ್ತೆ,” ಎಂದ. ಆ ಕೆಲಸಕ್ಕೆ ಬೇಕಾಗಿದ್ದ ಕಣ್ಣು ಅದೇ ಅಲ್ಲವೇ? ಅದನ್ನು ಜೋರಾಗಿ ಹೇಳು ಎಂದು ನಾನು ಹೇಳಬೇಕಾಗಿತ್ತು. ಇನ್ನೊಬ್ಬನ ಅನ್ನದ ಮೇಲೆ ಕಲ್ಲು ಹಾಕಿದ ಹಾಗಾಗುತ್ತದೇನೋ ಎಂದು ಯೋಚಿಸುವಷ್ಟರಲ್ಲಿ ಮೇಸ್ತ್ರಿ ಬಂದರು.

ದಪ್ಪ ಕನ್ನಡಕದ, ಮೆತ್ತಗಿನ ಮಾತಿನ ಮನುಷ್ಯ. ನಾನು ನಡೆದದ್ದನ್ನೆಲ್ಲ ಹೇಳಿದೆ. ರಸೀದಿ ತೋರಿಸಿದೆ. ಮೊಬೈಲಿನಲ್ಲಿದ್ದ ಸೈಕಲ್ಲಿನ ಚಿತ್ರ ತೋರಿಸಿದೆ.

“ಫೋಟೋದಲ್ಲಿ ಎಲ್ಲರೂ ಚೆಂದವೇ ಕಣಮ್ಮ,” ಎಂದು ನಕ್ಕರು. ಆಮೇಲೆ ಅಣ್ಣನ ಭುಜದ ಮೇಲೆ ಕೈ ಹಾಕಿದರು. “ಅದಕ್ಯಾಕಪ್ಪ ಇಷ್ಟು ಗಾಬರಿ? ಸೈಕಲ್ ಬರದಿದ್ರೇನಂತೆ, ಅದನ್ನ ಮಾಡಿದ ಕೈ ಬಂದಿದೆಯಲ್ಲ. ಬನ್ನಿ, ಇಲ್ಲೇ ಒಂದು ಜಾಯಿಂಟ್ ಹಾಕಿ. ಹತ್ತು ನಿಮಿಷದ ಕೆಲಸ. ನಿಮಗೇನು, ನೀರು ಕುಡಿದ ಹಾಗೆ.”

ಅಷ್ಟು ಒಳ್ಳೆಯತನಕ್ಕೆ ಏನು ಅಡ್ಡ ಹೇಳುವುದು? “ಸರ್, ಸಂಜೆ ಏಳು ಗಂಟೆಗೆ ಖಂಡಿತ...” ಎಂದೆ.

“ಸಂಜೆ ನಾನಿರಲ್ಲಮ್ಮ. ಎರಡು ಗಂಟೆಗೆ ಯಾರನ್ನ ತಗೊಂಡೆ ಅಂತ ಹೆಸರು ಹೇಳಬೇಕು.”

ಅಣ್ಣ ನನ್ನ ಕಡೆ ನೋಡಲಿಲ್ಲ. ಅಂಗಿಯ ತೋಳು ಮಡಚಿದ. ಕಪ್ಪು ಕನ್ನಡಕ ಹಾಕಿಕೊಂಡ. ಎರಡು ಪೈಪು ಜೋಡಿಸಿಟ್ಟಿದ್ದರು, ಹಿತ್ತಾಳೆ ಹರಿದು ಹಿಡಿಯಲೆಂದು ಬಿಳಿಗಾರ ಹಚ್ಚಿತ್ತು. ಗ್ಯಾಸಿನ ಟಾರ್ಚು ಹೊತ್ತಿಸಿದ. ಶುರುವಿನಲ್ಲಿ ಎಲ್ಲ ಸರಿಯಿತ್ತು. ಪೈಪು ಕೆಂಪಾಗುವ ತನಕ ಉರಿಯನ್ನು ಸುತ್ತಲೂ ಆಡಿಸುತ್ತಿರಬೇಕು, ಆಗ ನಡುಕ ತಿಳಿಯುವುದಿಲ್ಲ. ಆಮೇಲೆ ಎಡಗೈಯಲ್ಲಿ ಹಿತ್ತಾಳೆಯ ಕಡ್ಡಿ ತಂದು ಸಂದಿಗೆ ಮುಟ್ಟಿಸಬೇಕು. ಕಡ್ಡಿ ಸಂದಿಯ ಮೇಲೆ ಹೋಯಿತು, ಕೆಳಗೆ ಹೋಯಿತು, ಪಕ್ಕಕ್ಕೆ ಹೋಯಿತು. ಕರಗಿದ ಹಿತ್ತಾಳೆ ಬೇಡದ ಕಡೆ ತೊಟ್ಟಿಕ್ಕಿತು. ಅವನು ಎಡಗೈಯನ್ನು ನೋಡುತ್ತಿದ್ದಾಗ ಬಲಗೈಯ ಉರಿ ಒಂದೇ ಕಡೆ ನಿಂತಿತು. ಪೈಪಿನಲ್ಲಿ ಮೊದಲು ಬಿಳಿ ಚುಕ್ಕೆ, ಆಮೇಲೆ ತೂತು.

ಮೇಸ್ತ್ರಿ ತಾವೇ ಹೋಗಿ ಗ್ಯಾಸು ಮುಚ್ಚಿದರು. ಕೆಂಪು ಸೈಕಲ್ಲಿನವನು ಬಗ್ಗಿ ಬೂಟಿನ ದಾರ ಕಟ್ಟಿಕೊಳ್ಳತೊಡಗಿದ.

“ಪ್ರಯಾಣದ ಸುಸ್ತು,” ಎಂದರು ಮೇಸ್ತ್ರಿ. “ಹೇಳಿಕಳಿಸ್ತೀವಿ.”

ಗೇಟಿನ ಹೊರಗೆ ಬಂದು ಇಬ್ಬರೂ ನಿಂತೆವು. ಅಣ್ಣ ಮಡಚಿದ್ದ ತೋಳು ಇಳಿಸಿಕೊಂಡ.

“ನಿಂಗೆ ಗೊತ್ತಿತ್ತಾ, ನನ್ನ ಕೈ ವಿಷ್ಯ?”

ಸುಳ್ಳು ಹೇಳಲು ಬರಲಿಲ್ಲ. “ಅತ್ತಿಗೆ ಹೇಳಿದ್ರು.”

“ಹಾಗಾದ್ರೆ ಒಳಗೆ ಯಾಕೆ ಹೇಳ್ಲಿಲ್ಲ? ನಾನು ಹೇಗೆ ಬಾಯಿ ಬಿಡ್ಲಿ? ನೀನಾದ್ರೂ ಹೇಳ್ಬಹುದಿತ್ತಲ್ಲ. ಕೈ ಹೀಗಾಗಿದೆ, ಕಣ್ಣು ಸರಿಯಾಗಿದೆ ಅಂತ. ಅಷ್ಟೇ ಮಾತು.”

ಗದರಿ ಹೇಳಲಿಲ್ಲ, ಕೇಳಿದ ಅಷ್ಟೇ. ಅವನ ಮಾನ ಕಾಪಾಡಿದೆ ಎಂದುಕೊಂಡಿದ್ದೆ ನಾನು. ಚಕ್ರವನ್ನು ಅವನ ಕೈಗೆ ಕೊಟ್ಟು ಒಳಗೆ ಓಡಿದೆ.

ಮೇಸ್ತ್ರಿ ತಮ್ಮ ಮೇಜಿನ ಹತ್ತಿರ ಇದ್ದರು. ಎಲ್ಲವನ್ನೂ ಹೇಳಿದೆ, ಕೆಂಪು ಸೈಕಲ್ಲಿನ ಜಾಯಿಂಟಿನ ವಿಷಯವನ್ನೂ. ಅವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡು ಕೇಳಿದರು.

“ಬಂದ ತಕ್ಷಣ ಹೇಳಿದ್ದಿದ್ರೆ, ನಾಲ್ಕು ಫ್ರೇಮು ಮುಂದಿಟ್ಟು ಇದರಲ್ಲಿ ತಪ್ಪು ಹುಡುಕಿ ಅಂತಿದ್ದೆ. ನಂಗೆ ಬೇಕಾಗಿದ್ದೂ ಅದೇ,” ಎಂದರು. “ಈಗ ಆ ಮನುಷ್ಯನಿಗೆ ಹೂಂ ಅಂದುಬಿಟ್ಟೆ. ಫೋನ್ ಮಾಡಿ ಹೆಂಡತಿಗೆ ಹೇಳ್ತಾ ಇದಾನೆ ನೋಡು. ಹೇಗಮ್ಮ ಕಿತ್ತುಕೊಳ್ಳಲಿ?”

ಹಿತ್ತಲ ಬಾಗಿಲಿನಿಂದ ಅವನ ನಗು ಕೇಳಿಸುತ್ತಿತ್ತು. ನಾನು ಕೈಮುಗಿದು ಹೊರಗೆ ಬಂದೆ. ಗೇಟಿಗೆ ಇಪ್ಪತ್ತು ಹೆಜ್ಜೆ. ಆ ಇಪ್ಪತ್ತು ಹೆಜ್ಜೆಯಲ್ಲಿ ವಾಕ್ಯ ಜೋಡಿಸಲು ನೋಡಿದೆ.

ಅಣ್ಣ ಚಕ್ರ ಹಿಡಿದುಕೊಂಡು ಅಲ್ಲೇ ನಿಂತಿದ್ದ. “ಏನಂದ್ರು?”

“ಊಟಕ್ಕೆ ಹೋಗಿದಾರೆ,” ಎಂದೆ.

ಯಾಕೆ ಹಾಗೆಂದೆನೋ ಗೊತ್ತಿಲ್ಲ. ಅವನ ಮುಖ ನೋಡಿದ ಮೇಲೆ ಬೇರೆ ಮಾತು ಬರಲಿಲ್ಲ.

“ಹೌದಾ? ಹಾಗಾದ್ರೆ ಅವರು ಇನ್ನೂ ಹೆಸರು ಹೇಳಿಲ್ಲ ಅಂತಾಯ್ತು.” ಅಣ್ಣ ಕೂದಲು ಸರಿಮಾಡಿಕೊಂಡ. “ಕಾಯೋಣ. ಬಂದ ಮೇಲೆ ನೀನೇ ಮಾತಾಡು.”

ಚಕ್ರವನ್ನು ಕಾಂಪೌಂಡಿಗೆ ಒರಗಿಸಿ, ಗೇಟಿನ ಪಕ್ಕದ ಕಟ್ಟೆಯ ಮೇಲಿನ ಧೂಳು ಊದಿ, ನನಗೂ ಜಾಗ ಬಿಟ್ಟು ಕೂತ.