ತಲೆಯೆತ್ತಿ ನಡೆಯುವ ಧನಪಾಲ

ಕಾಗವಾಡದ ಧನಪಾಲ ಚೌಗುಲೆ ಎಲ್ಲಿ ಹೋದರೂ ಮೊದಲು ಮೇಲೆ ನೋಡುತ್ತಾನೆ. ಕಲ್ಯಾಣ ಮಂಟಪದ ಬಾಗಿಲಲ್ಲಿ ಬೀಗರು ಕೈಮುಗಿದು ನಿಂತಿದ್ದರೂ ಅವನ ಕಣ್ಣು ಅವರ ತಲೆಯ ಪಟಕಾ ದಾಟಿ, ಕಮಾನಿನ ಹೂವು ದಾಟಿ, ತೂಗುಬಿಟ್ಟ ದೀಪದ ಕೊಂಡಿಯ ಮೇಲೆ ಹೋಗಿ ನಿಲ್ಲುತ್ತದೆ. ಅಲ್ಲಿ ಯಾವುದೂ ಸಡಿಲಿಲ್ಲವೆಂದು ಖಾತ್ರಿಯಾದ ಮೇಲೆಯೇ ಅದು ಮನುಷ್ಯರ ಮುಖಕ್ಕೆ ಇಳಿಯುವುದು. ಕತ್ತು ಹಿಂದಕ್ಕೆ ವಾಲಿಸಿ, ಕಾಲಿನಿಂದ ನೆಲವನ್ನು ತಡವುತ್ತ ನಡೆಯುವ ಅವನನ್ನು ಕಂಡು ಊರವರು "ಧನಪಾಲಣ್ಣ ವಿಮಾನಾ ಎಣಸಾಕತ್ತಾನ ನೋಡ್ರಿ" ಎಂದು ನಗುತ್ತಾರೆ. ಅವನ ಹೆಂಡತಿ ಜಿನಮತಿ ನಗುವುದಿಲ್ಲ. ಆ ಕಣ್ಣು ಅಡುಗೆಮನೆಯ ಹೊಸ್ತಿಲು ದಾಟಿದೊಡನೆ ಕೆಳಗಿಳಿದು ತಾಟಿನ ಮೇಲೆ ಬೀಳುವುದನ್ನು ಅವಳು ಮದುವೆಯಾದಾಗಿನಿಂದ ನೋಡುತ್ತ ಬಂದಿದ್ದಾಳೆ.

ದ್ರಾಕ್ಷಿ ತೋಟ ಅಣ್ಣ ಪಾರಿಸನ ಕೈಯಲ್ಲಿದೆ. ಧನಪಾಲನದು ಸೌಂಡ್ ಸರ್ವಿಸ್. ನಿಪ್ಪಾಣಿಯಿಂದ ಅಥಣಿಯವರೆಗೆ ಮದುವೆ, ಸನ್ಮಾನ, ಬಸದಿಯ ಪೂಜೆ ಏನೇ ಇರಲಿ, ವೇದಿಕೆಯ ಎರಡು ಬದಿಗೆ ಅವನ ಕರಿಯ ಪೆಟ್ಟಿಗೆಗಳು ದ್ವಾರಪಾಲಕರಂತೆ ನಿಲ್ಲುತ್ತವೆ. ಕೆಳಗೆ ಎದೆ ನಡುಗಿಸುವ ಬೇಸ್, ಅದರ ನೆತ್ತಿಯ ಮೇಲೆ ಮಾತು ಹಾಡು ಕೇಳಿಸುವ ಟಾಪ್. ಬೇಸು ಬಡಿಯತೊಡಗಿದರೆ ಕೆಳಗಿನ ಪೆಟ್ಟಿಗೆ ಜ್ವರ ಬಂದವರಂತೆ ನಡುಗುತ್ತದೆ. ಆ ನಡುಕಕ್ಕೆ ಮೇಲಿನದು ಕೂದಲೆಳೆಯಷ್ಟು ಸರಿಯುತ್ತದೆ. ಹಾಡಿನ ಬೆನ್ನಿಗೆ ಹಾಡು ಹತ್ತಿದರೆ ಅಂಚಿಗೆ ಬಂದು, ಕುಣಿಯುವವರ ಮೇಲೆ ಉರುಳುತ್ತದೆ. ಹಾಗೆ ಉರುಳಿದ್ದೊಂದನ್ನು ಧನಪಾಲ ಹಿಂದೆ ಭೋಜ ಗ್ರಾಮದ ಮದುವೆಯೊಂದರಲ್ಲಿ ಕಣ್ಣಾರೆ ಕಂಡಿದ್ದ. ಸೌಂಡು ಇನ್ನೊಬ್ಬನದು, ಇವನು ಉಣ್ಣಲು ಹೋದವನು. ಊಟಕ್ಕೆ ಎದ್ದುಹೋಗಿದ್ದ ಅಜ್ಜಿಯೊಬ್ಬಳ ಖಾಲಿ ಕುರ್ಚಿ ಅದರಡಿ ಅಪ್ಪಚ್ಚಿಯಾಗಿತ್ತು. ಅಂದಿನಿಂದ ಅವನ ಕತ್ತು ಹಿಂದಕ್ಕೆ ವಾಲಿದ್ದು ಮತ್ತೆ ನೇರವಾಗಲಿಲ್ಲ.

ಏಪ್ರಿಲ್ ಬಿಸಿಲಿನಲ್ಲೂ ಅವನ ಮೈಮೇಲೆ ಕಾಫಿ ಬಣ್ಣದ ಒಂದು ಹಳೆಯ ಕೋಟು ಇರುತ್ತದೆ. ಒಂದು ಜೇಬಿನಲ್ಲಿ ಗೌಂಡಿಗಳು ಬಳಸುವ ರಸಮಟ್ಟ, ಇನ್ನೊಂದರಲ್ಲಿ ಅಂಟುಟೇಪು ಮತ್ತು ಸೀಮೆಸುಣ್ಣದ ತುಂಡು. ಬೇಸಿನ ಬುಡ ಸಮವಾಗುವವರೆಗೆ, ರಸಮಟ್ಟದ ಗುಳ್ಳೆ ನಟ್ಟನಡುವೆ ಬರುವವರೆಗೆ ಮಂಡಿಯೂರಿ ಕೂತಿರುತ್ತಾನೆ. ಸಣ್ಣ ಕಾರ್ಯಕ್ರಮಕ್ಕೆ ಬೇಸಿನ ತೂತಿನಲ್ಲಿ ಕಂಬಿ ನೆಟ್ಟು ಟಾಪು ಏರಿಸಬೇಕಾದರೆ, ಕಂಬಿ ಒಂದಿಷ್ಟೂ ಅಲುಗದಂತೆ ಟೇಪು ಸುತ್ತಿ, ತನ್ನ ಎತ್ತರಕ್ಕಿಂತ ಮೇಲೆ ಹೋಗಗೊಡುವುದಿಲ್ಲ. ದೊಡ್ಡದಕ್ಕಾದರೆ ಎರಡು ಪೆಟ್ಟಿಗೆಗಳ ನಡುವೆ ದಪ್ಪ ರಬ್ಬರಿನ ಹಾಸು; ಅದಕ್ಕೆ ಅವನು ಇಟ್ಟ ಹೆಸರು ಸಿಂಬಿ, ಕೊಡ ಹೊರುವಾಗ ಹೆಂಗಸರು ತಲೆಯ ಮೇಲೆ ಇಟ್ಟುಕೊಳ್ಳುವ ಸಿಂಬಿ. ಆಮೇಲೆ ಎರಡನ್ನೂ ಸೇರಿಸಿ ಹಳದಿ ಬೆಲ್ಟು ಸುತ್ತಿ ಹಿಡಿಕೆ ಎಳೆದರೆ ಕಟಕಟ ಎಂದು ಬಿಗಿಯುತ್ತದೆ. ಟಾಪಿನ ಅಂಚಿಗೆ ಸೀಮೆಸುಣ್ಣದ ಗೆರೆ ಎಳೆಯುತ್ತಾನೆ; ಪೆಟ್ಟಿಗೆ ಗೆರೆ ಬಿಟ್ಟು ಸರಿದರೆ ಹಾಡು ಅರ್ಧಕ್ಕೆ ನಿಲ್ಲುತ್ತದೆ. ಕೊನೆಗೆ ಅಂಗೈಯಿಂದ ಬಲವಾಗಿ ಬಡಿದು, ಯಾರಿಗೂ ಅಲ್ಲವೆಂಬಂತೆ ಹೇಳುತ್ತಾನೆ: "ಹೂಂ, ಈಗ ಕುಂತೈತಿ."

ರಬ್ಬರನ್ನು ಕತ್ತರಿಸಿ, ಅಂಚು ಕಿತ್ತುಬರದಂತೆ ಗೋಣಿ ದಬ್ಬಣದಿಂದ ಕ್ಯಾನ್ವಾಸು ಹೊಲಿಯುವವಳು ಜಿನಮತಿ. ಮಣ್ಣು, ಗುಲಾಲು, ಬಿದ್ದ ಸಾರು ಮೆತ್ತಿಕೊಂಡು ಬಂದ ಬೆಲ್ಟುಗಳನ್ನು ಒಗೆದು ನೆರಳಿನಲ್ಲಿ ಒಣಹಾಕುವವಳು ಅವಳು. ರಸಮಟ್ಟದ ಮೂಲೆ ತಾಗಿ ಹರಿದ ಕೋಟಿನ ಜೇಬಿಗೆ ತೇಪೆ ಹಾಕುವವಳೂ ಅವಳೇ. ಹೊತ್ತು ಮುಳುಗಿದ ಮೇಲೆ ಆ ಮನೆಯಲ್ಲಿ ಯಾರೂ ಉಣ್ಣುವುದಿಲ್ಲವಾದ್ದರಿಂದ, ಕಾರ್ಯಕ್ರಮ ಹತ್ತಿರದಲ್ಲಿದ್ದರೆ ಸಂಜೆ ಬಿಸಿಲಿರುವಾಗಲೇ ಬುತ್ತಿ ಕಟ್ಟಿಕೊಂಡು ಮಗಳು ಪ್ರಾಜಕ್ತಾಳ ಸ್ಕೂಟಿಯ ಹಿಂದೆ ಕೂತು ಹೋಗುವವಳೂ ಅವಳೇ.

ಹಾಗೆ ಹೋದಾಗಲೇ ಒಮ್ಮೆ ಅವಳು ಗಂಡನ ಪ್ರತಾಪವನ್ನು ನೋಡಿದ್ದು. ಹಳದಿ ಬೆಲ್ಟು ವಿಡಿಯೋದಲ್ಲಿ ಅಸಹ್ಯ ಕಾಣುತ್ತದೆ, ಬಿಚ್ಚು ಎಂದು ವರನ ಅಪ್ಪ ಗಂಗಾರಾಮ ಪಟ್ಟು ಹಿಡಿದಿದ್ದ.

"ಬೆಲ್ಟ್ ಬಿಚ್ಚಬೇಕಾದ್ರ ಸೌಂಡೂ ಬಿಚ್ಚತೀನ್ರಿ. ನಿಮ್ಮ ಮದವಿ ಹಾಡ ನೀವ ಬಾಯೀಲೆ ಹಾಡಿಕೋರಿ" ಎಂದ ಧನಪಾಲ.

"ಏನಪಾ, ರೊಕ್ಕಾ ಕೊಡಾವ ನಾ!"

"ರೊಕ್ಕಾ ನಿಮ್ದ್ರಿ. ಕೆಳಗ ಕುಂತ ಹೆಣ್ಣಮಕ್ಕಳ ತಲಿ ನಿಮ್ದಲ್ರಲಾ."

ಮಂಟಪವೇ ತಲೆದೂಗಿತು. ಪಕ್ಕದಲ್ಲಿದ್ದ ಹೆಂಗಸೊಬ್ಬಳು ಬುತ್ತಿ ಹಿಡಿದು ನಿಂತ ಜಿನಮತಿಯ ತೋಳು ಹಿಡಿದು, "ಇಂಥಾ ಗಂಡನ್ನ ಪಡಿಯಾಕ ಪುಣ್ಯಾ ಮಾಡಿರಬೇಕ ನೋಡವಾ" ಎಂದಳು. ಜಿನಮತಿ ಬುತ್ತಿಯ ಗಂಟನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡಳು. ಅವಳಿಗೆ ಆಗ ನೆನಪಾದದ್ದು ಅಡುಗೆಮನೆಯ ಫಳಿ.

ಒಲೆಯ ಕಟ್ಟೆಯ ಮೇಲೆ, ಬೆಳಕಿಂಡಿಯ ಕೆಳಗೆ, ಗೋಡೆಗೆ ಬಡಿದ ಮರದ ಹಲಗೆ ಅದು. ಅದರ ಮೇಲೆ ಸೋಸಿದ ನೀರಿನ ತಾಮ್ರದ ಕೊಡ. ಬಟ್ಟೆಯಲ್ಲಿ ಸೋಸಿದ ನೀರು ನೆಲದ ಮೇಲೆ ಇರಬಾರದು, ಕೂತು ಉಣ್ಣುವವರ ತಲೆಗಿಂತ ಮೇಲಿರಬೇಕು ಎಂಬುದು ಅತ್ತೆ ಪದ್ಮವ್ವನ ಅತ್ತೆಯ ಕಾಲದ ಕಟ್ಟಳೆ. ಕೊಡ ಮೇಲಿರುತ್ತದೆ, ಅದರ ಕೆಳಗೆ ದಿನವಿಡೀ ಇರುವ ತಲೆ ಜಿನಮತಿಯದು. ಒಂದು ಬದಿಯ ಮೊಳೆ ಗೋಡೆ ಬಿಟ್ಟು ಹೊರಬಂದು ಎಷ್ಟೋ ಮಳೆಗಾಲ ಕಳೆದಿತ್ತು.

"ಏನ್ರಿ, ಫಳಿ ಅಲಗ್ಯಾಡಾಕತ್ತೈತ್ರಿ."

"ನಾಳೆ ಬಡೀತೀನಿ."

"ಕೊಡಾ ತುಂಬಿದ್ರ ಜಗ್ಗತೈತ್ರಿ."

"ಸಾವಕಾಶ ತುಂಬು. ನಡೀತೈತಿ ಬಿಡು."

ಮಂಟಪದಲ್ಲಿ 'ಈಗ ಕುಂತೈತಿ', ಮನೆಯಲ್ಲಿ 'ನಡೀತೈತಿ ಬಿಡು': ಈ ಎರಡು ಮಾತುಗಳ ನಡುವೆಯೇ ಅವಳ ಸಂಸಾರ ಸಾಗಿತ್ತು. ಹೇಳಿ ಹೇಳಿ ಬಾಯಿ ಸೋತ ಒಂದು ದಿನ ಅವಳು ಕೋಟಿನ ಜೇಬಿನಿಂದ ಸೀಮೆಸುಣ್ಣ ತೆಗೆದು, ಫಳಿಯ ತಳಕ್ಕೆ ಸರಿಯಾಗಿ ಗೋಡೆಯ ಮೇಲೆ ಗೆರೆ ಎಳೆದಳು. ಗೆರೆಯ ಭಾಷೆ ಅವನದೇ ಅಲ್ಲವೇ, ಬಾಯಿಯ ಮಾತು ತಿಳಿಯದವನಿಗೆ ಅದಾದರೂ ತಿಳಿದೀತು ಎಂಬ ಆಸೆ. ಫಳಿ ಗೆರೆಯನ್ನು ಬಿಟ್ಟು ಕೆಳಗಿಳಿಯಿತು. ಇನ್ನೊಂದು ಗೆರೆ ಎಳೆದಳು. ಅದನ್ನೂ ಬಿಟ್ಟು ಇಳಿಯಿತು. ಗೋಡೆಯ ಮೇಲೆ ಗೆರೆಗಳ ಏಣಿಯೇ ಆದಾಗ, ಕೈ ತೊಳೆಯುತ್ತಿದ್ದ ಧನಪಾಲನ ಕಣ್ಣು ಒಮ್ಮೆ ಅದರ ಮೇಲೆ ಬಿತ್ತು.

"ಗ್ವಾಡಿ ಯಾರ ಹೊಲಸ ಮಾಡ್ಯಾರಿದು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದ.

ಫಳಿ ಬಿದ್ದದ್ದು ಒಂದು ಮುಂಜಾನೆ, ರೊಟ್ಟಿ ಬಡಿಯುವ ಹೊತ್ತಿನಲ್ಲಿ. ಕಿರ್ರೆಂದ ಸದ್ದಿಗೆ ಅವಳು ತಲೆ ಸರಿಸಿ ಎಡಗೈ ಅಡ್ಡ ಹಿಡಿದದ್ದರಿಂದ ತಲೆ ಉಳಿಯಿತು, ಮಣಿಕಟ್ಟು ಮುರಿಯಿತು. ಧನಪಾಲ ಆಗ ಅಥಣಿಯಲ್ಲಿದ್ದ. ಪ್ರಾಜಕ್ತಾ ಫೋನು ಮಾಡಿದಾಗ ಅವನ ದನಿ ನಿಜಕ್ಕೂ ನಡುಗಿತು, ಆದರೂ ಹೇಳಿದ: "ಟಾಪ್ ಇನ್ನಾ ಬಿಗದಿಲ್ಲವಾ, ಮಂದಿ ಬಂದ ಕುಂದರಾಕತ್ತಾರ. ಹಿಂಗ ಬಿಟ್ಟ ಹ್ಯಾಂಗ ಬರ್ಲಿ? ನೀ ಮಿರಜ ದವಾಖಾನಿಗೆ ಕರಕೊಂಡ ಹೋಗು, ನಾ ಮುಗಿಸೇ ಬರ್ತೀನಿ." ಮುಗಿಸಿಯೇ ಬಂದ. ನೋಡಲು ಬಂದವರೆದುರು ಹಾಸಿಗೆಯ ಪಕ್ಕ ಕೂತು, "ಆ ಫಳಿ ಮ್ಯಾಲ ಅಷ್ಟ ವಜ್ಜಾ ಇಡಬಾರದಾಗಿತ್ತ ಈಕಿ" ಎಂದು ಮರುಗಿದ. ಅತ್ತೆ ಪದ್ಮವ್ವ ಕೊಡ ಎಲ್ಲಿ ನಗ್ಗಿದೆ ಎಂದು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು.

ಮರುದಿನ ಅವನು ಫಳಿಯನ್ನು ಅದೇ ತೂತುಗಳಿಗೆ, ಅವೇ ಮೊಳೆಗಳಿಂದ ಬಡಿದ. ಅಂಗೈಯಿಂದ ಬಡಿದು ನೋಡಲಿಲ್ಲ. ಕೊಡ ಮತ್ತೆ ಮೇಲೇರಿತು.

ಅವನು ಸ್ನಾನಕ್ಕೆ ಹೋದಾಗ ಜಿನಮತಿ ಪ್ರಾಜಕ್ತಾಳನ್ನು ಕರೆದು ಬೆಲ್ಟುಗಳ ಚೀಲ ಬಿಚ್ಚಿಸಿ ಒಂದನ್ನು ತೆಗೆದಿರಿಸಿದಳು. ಅವನು ಅತ್ತ ಹೋದ ಮೇಲೆ, ಬೆಳಕಿಂಡಿಯ ಕಬ್ಬಿಣದ ಸರಳಿನೊಳಗಿಂದ ಹಾಯಿಸಿ, ಫಳಿಯ ಕೆಳಗಿನಿಂದ ತಂದು, ತಾಯಿ ಮಗಳು ಸೇರಿ ಹಿಡಿಕೆ ಎಳೆದರು. ಕಟಕಟ ಎಂದಿತು. ಪ್ರಾಜಕ್ತಾ ಅಪ್ಪನ ದನಿಯಲ್ಲಿ "ಹೂಂ, ಈಗ ಕುಂತೈತಿ" ಎಂದಾಗ ಇಬ್ಬರೂ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಆ ಅಡುಗೆಮನೆಯಲ್ಲಿ ಜಿನಮತಿ ಕುಗ್ಗದೆ ನಿಂತು, ಒಂದೇ ಕೈಯಿಂದಲಾದರೂ, ರೊಟ್ಟಿ ಬೇಯಿಸಿದ್ದು ಆ ಒಂದು ಹೊತ್ತು ಮಾತ್ರ.

ಮಧ್ಯಾಹ್ನವೇ ಅವನು ಶೇಡಬಾಳದ ಮದುವೆಯಿಂದ ಬೈಕು ಹೊಡೆದುಕೊಂಡು ಬಂದ. ಚೀಲದಲ್ಲಿ ಒಂದು ಬೆಲ್ಟು ಕಡಿಮೆ. ಫಳಿ ನೋಡಿದ. ಆ ಅಡುಗೆಮನೆಯಲ್ಲಿ ಅವನ ಕಣ್ಣು ತಾನಾಗಿ ಮೇಲೇರಿದ್ದು ಅದೇ ಮೊದಲು.

"ಹುಚ್ಚ ಹಿಡದೈತೇನ ನಿನಗ? ಅದು ಮಂದಿ ಜೀಂವಾ ಕಾಯೂ ಬೆಲ್ಟ್!"

"ನಂದೇನ ಜೀಂವಾ ಅಲ್ಲೇನ್ರಿ?"

ಅವನು ಗಲಿಬಿಲಿಗೊಂಡ. ಸಿಟ್ಟಿಲ್ಲದ, ತೀರ ಪ್ರಾಮಾಣಿಕವಾದ ಗಲಿಬಿಲಿ. "ಹಿಂಗ್ಯಾಕ ಮಾತಾಡ್ತಿ? ಅವ್ರು ಮಂದಿ. ನೀ ಮನ್ಯಾಕಿ." ಕಟ್ಟೆ ಹತ್ತಿ, ಅಭ್ಯಾಸಬಲದಿಂದ ಬೆಲ್ಟನ್ನು ಅಂಗೈಯಿಂದ ಬಡಿದ. ಅದು ಮಿಸುಕಲಿಲ್ಲ. "ಛಲೋ ಬಿಗದಿ" ಎಂದ, ಮೆಚ್ಚಿಯೇ. ಆಮೇಲೆ ಬಿಚ್ಚಿದ. "ನಾಳೆ ಬಡೀತೀನಿ" ಎಂದು ಬೆಲ್ಟನ್ನು ಸುರುಳಿ ಸುತ್ತುತ್ತ ಹೊರಟ.

ಕೈಯ ಪ್ಲಾಸ್ಟರು ತೆಗೆದ ವಾರದಲ್ಲಿ ಹೊಸ ರಬ್ಬರು ತಂದು ಅವಳ ಮುಂದೆ ಇಟ್ಟ. ಹಳೆಯ ಸಿಂಬಿಗಳು ಸವೆದಿದ್ದವು.

"ನಾಳೆ ಹೊಲೀತೀನ್ರಿ" ಎಂದಳು ಜಿನಮತಿ.

ಮರುದಿನವೂ ಹಾಗೆಯೇ ಅಂದಳು. ಅದರ ಮರುದಿನವೂ. ಸಿಂಬಿಯಿಲ್ಲದೆ ಟಾಪು ಏರಿಸುವವನಲ್ಲ ಧನಪಾಲ. ಕೊನೆಗೆ ದಬ್ಬಣ ಹಿಡಿದು ತಾನೇ ಅಡುಗೆಮನೆಯಲ್ಲಿ, ಬೆಳಕು ಚೆನ್ನಾಗಿ ಬೀಳುತ್ತದೆಂದು ಬೆಳಕಿಂಡಿಯ ನೇರಕ್ಕೆ ಕಟ್ಟೆಗೊರಗಿ ಕೂತ. ಬೆರಳು ಚುಚ್ಚಿಕೊಂಡು, ಬಾಯಲ್ಲಿ ಚೀಪಿ, ಮತ್ತೆ ಹೊಲಿದ. ಕಾಣದ ಯಾವುದೋ ಊರಿನ, ಹೆಸರು ತಿಳಿಯದ ಹೆಂಗಸರ ತಲೆಗಾಗಿ ಅಷ್ಟು ಶ್ರದ್ಧೆಯಿಂದ ಬಾಗಿದ ಅವನ ನೆತ್ತಿಯ ಮೇಲೆ, ಕೊನೆಯ ಗೆರೆಯನ್ನೂ ಮತ್ತೆ ದಾಟಿ ಇಳಿದ ಫಳಿ, ಅದರ ಮೇಲೆ ತುಂಬಿದ ಕೊಡ.

ಜಿನಮತಿ ನೋಡಿದಳು. ಆಮೇಲೆ ಸ್ಟೂಲು ಹತ್ತಿ, ಪೂರ್ತಿ ತಿರುಗದ ಎಡಗೈಯಿಂದ ಕೊಡದ ಕಂಠ ಹಿಡಿದು, ತಂಬಿಗೆ ತಂಬಿಗೆಯಾಗಿ ನೀರು ತೆಗೆದು, ಹಗುರಾದ ಕೊಡವನ್ನು ಇಳಿಸಿದಳು. ನೆಲಕ್ಕೆ ಇಡುವಂತಿಲ್ಲ, ಸೊಂಟದ ಮೇಲೆ ಇಟ್ಟುಕೊಂಡು ನಿಂತಳು.

"ಏನ್ ಮಾಡಾಕತ್ತಿ?" ಎಂದ ಅವನು, ತಲೆಯೆತ್ತದೆ.

"ಏನಿಲ್ರಿ. ನೀವು ಹೊಲೀರಿ."

ಲೋಕದ ತಲೆ ಕಾಯುವ ಇಂಥ ಗಂಡಸರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅವರು ಸುಳ್ಳರಲ್ಲ, ಅವರು ಬಿಗಿದದ್ದು ಬೀಳುವುದೂ ಇಲ್ಲ, ಜನ ಅವರನ್ನು ಹೊಗಳುವುದರಲ್ಲಿ ತಪ್ಪೂ ಇಲ್ಲ. ಅವರ ಕಣ್ಣು ಪರರ ನೆತ್ತಿಯ ಮೇಲಿನ ಎಳೆಯಷ್ಟು ಸಡಿಲನ್ನೂ ಕಾಣುತ್ತದೆ. ತಮ್ಮ ನೆತ್ತಿಯ ಮೇಲಿನ ಭಾರ ಯಾಕೆ ಇನ್ನೂ ಬಿದ್ದಿಲ್ಲ ಎಂದು ಮಾತ್ರ ಅವರು ಎಂದೂ ಕೇಳುವುದಿಲ್ಲ; ಅದನ್ನು ಸೊಂಟದ ಮೇಲೆ ಹೊತ್ತು ಬೆನ್ನ ಹಿಂದೆ ಒಬ್ಬಳು ನಿಂತಿರುತ್ತಾಳೆ, ಅವರ ಹೊಲಿಗೆ ಮುಗಿಯಲೆಂದು.